ಮನೆಯೊಳಗೆ ಮರಿಯಾಗುವ ಕಾರ್ನ್ ಹಾವು

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದಲ್ಲಿ, ನ್ಯೂಜೆರ್ಸಿಯಿಂದ ಹಿಡಿದು ಫ್ಲಾರಿಡಾದ ತುದಿಯ ಕೀಸ್ ದ್ವೀಪಗಳವರೆಗೆ, ಪಶ್ಚಿಮದಲ್ಲಿ ಲೂಸಿಯಾನದವರೆಗೆ, ಪೈನ್ ಕಾಡುಗಳಲ್ಲೂ ಹೊಲದ ಬದುಗಳಲ್ಲೂ ಹಳೆಯ ಕೊಟ್ಟಿಗೆಗಳಲ್ಲೂ ಇಲಿ ಹಿಡಿದು ಬದುಕುವ ವಿಷರಹಿತ ಹಾವೊಂದನ್ನು ಅಲ್ಲಿಯ ಜನ ಕಾರ್ನ್ ಸ್ನೇಕ್ ಎನ್ನುತ್ತಾರೆ. 1766ರಲ್ಲಿ ಲಿನೇಯಸ್ ಹೆಸರಿಟ್ಟ ಈ ಹಾವು ಇಂದಿನ ವರ್ಗೀಕರಣದಲ್ಲಿ ಪ್ಯಾಂಥೆರೊಫಿಸ್ ಗಟ್ಟೇಟಸ್. ಬೆಳೆದ ಹಾವು ಸಾಮಾನ್ಯವಾಗಿ ಮೂರರಿಂದ ಐದು ಅಡಿ ಉದ್ದವಿರುತ್ತದೆ. ಕಿತ್ತಳೆಗಂದು ಮೈಮೇಲೆ ಕಪ್ಪು ಅಂಚಿನ ಕೆಂಪು ಪಟ್ಟೆಗಳು ಸಾಲಾಗಿ ಕೂತಿರುತ್ತವೆ, ಹೊಟ್ಟೆಯ ಕೆಳಗೆ ಕಪ್ಪು ಬಿಳುಪಿನ ಚೌಕಗಳಿರುತ್ತವೆ. ಕರ್ನಾಟಕದ ಗದ್ದೆ ಬಯಲುಗಳಲ್ಲಿ ಕೇರೆ ಹಾವು ಮಾಡುವ ಕೆಲಸವನ್ನೇ ಅಲ್ಲಿ ಇದು ಮಾಡುತ್ತದೆ. ಆದರೆ ಕೇರೆಯಷ್ಟು ಚುರುಕಿನದೂ ಸಿಡುಕಿನದೂ ಅಲ್ಲ. ಆ ಸೀಮೆಯಲ್ಲಿ ವಿಷದ ಕಾಪರ್‌ಹೆಡ್ ಹಾವೂ ಇರುವುದರಿಂದ, ಕಂದುಗೆಂಪು ಪಟ್ಟೆಯ ಹಾವು ಹಿತ್ತಲಲ್ಲಿ ಕಂಡರೆ ಸಾಕು ಅದನ್ನೇ ಕಾಪರ್‌ಹೆಡ್ ಎಂದು ಬಗೆದು ಹೊಡೆದು ಹಾಕುವವರು ಬಹಳ. ಕಾರ್ನ್ ಹಾವಿನ ಅರಿಯದ ಶತ್ರು ಈ ಹೋಲಿಕೆಯೇ ಎನ್ನಬಹುದು.

ಜಗತ್ತಿನ ಹಲವು ದೇಶಗಳ ಮನೆಗಳಲ್ಲಿ ಸಾಕುಪ್ರಾಣಿಯಾಗಿ ನೆಲೆಗೊಂಡಿರುವ ಹಾವುಗಳಲ್ಲಿ ಇದು ಮುಂಚೂಣಿಯದು. ಕೈಗೆತ್ತಿಕೊಂಡರೆ ಕಚ್ಚುವುದು ವಿರಳ, ಸತ್ತ ಇಲಿಯನ್ನೂ ನಿರಾಕರಿಸದೆ ನುಂಗುತ್ತದೆ, ಸರಿಯಾಗಿ ನೋಡಿಕೊಂಡರೆ ಇಪ್ಪತ್ತು ವರ್ಷ ದಾಟಿ ಬದುಕುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಬಂಧನದಲ್ಲಿ ಇದು ಬಹು ಸಲೀಸಾಗಿ ಮೊಟ್ಟೆಯಿಡುತ್ತದೆ. ಎಷ್ಟು ಸಲೀಸು ಎಂದರೆ, ಮೊಟ್ಟೆ ಒಡೆದು ಮರಿ ಹೊರಬರುವವರೆಗಿನ ಇಡೀ ಪ್ರಕ್ರಿಯೆಯಲ್ಲಿ ಸಾಕುವವರ ಪಾತ್ರ ಬಹುಪಾಲು ಅಡ್ಡಿಯಾಗದಿರುವುದಷ್ಟೇ. ಅವರ ನಿಜವಾದ ಹೊಣೆ ಬೀಳುವುದು ಅದಕ್ಕೂ ಮೊದಲು, ಯಾವ ಗಂಡಿಗೆ ಯಾವ ಹೆಣ್ಣು ಎಂದು ತೀರ್ಮಾನಿಸುವಾಗ, ಮತ್ತು ಅದಾದ ಮೇಲೆ, ಹುಟ್ಟಿದ ಮರಿಗಳಿಗೆ ಗತಿ ಕಾಣಿಸುವಾಗ.

ಹೆಣ್ಣನ್ನು ಜೋಡಿಗೆ ಬಿಡುವ ಮುನ್ನ ನೋಡಬೇಕಾದುದು ವಯಸ್ಸಿಗಿಂತ ಮೈಕಟ್ಟನ್ನು. ಮೂರು ವರ್ಷ, ಮೂರು ಅಡಿ, ಮುನ್ನೂರು ಗ್ರಾಂ ಎಂಬ ಲೆಕ್ಕ ಸಾಕುವವರ ನಡುವೆ ರೂಢಿಯಲ್ಲಿದೆ. ಇದು ಶಾಸ್ತ್ರದ ಕಟ್ಟಳೆಯೇನಲ್ಲವಾದರೂ ಇದರ ಹಿಂದಿನ ಕಾರಣ ಗಟ್ಟಿಯಾದುದು: ಹೆಚ್ಚು ಹೆಚ್ಚು ಇಲಿ ತಿನ್ನಿಸಿ ಬೇಗ ಬೆಳೆಸಿದ ಹೆಣ್ಣು ಎರಡನೆಯ ವರ್ಷಕ್ಕೇ ಗರ್ಭ ಕಟ್ಟಬಲ್ಲದು, ಆದರೆ ಅದರ ದೇಹ ಇನ್ನೂ ಕಿರಿದಾಗಿರುವುದರಿಂದ ಮೊಟ್ಟೆ ಅಂಡನಾಳದಲ್ಲೇ ಸಿಕ್ಕಿಕೊಳ್ಳುವ ಅಪಾಯವಿರುತ್ತದೆ. ಹೀಗೆ ಸಿಕ್ಕಿಕೊಂಡ ಮೊಟ್ಟೆಯನ್ನು ಪಶುವೈದ್ಯರು ಔಷಧದಿಂದಲೋ ಸೂಜಿಯಿಂದ ಒಳದ್ರವ ಎಳೆದೋ ಶಸ್ತ್ರಕ್ರಿಯೆಯಿಂದಲೋ ಹೊರತೆಗೆಯಬೇಕಾಗುತ್ತದೆ, ಹಲವೊಮ್ಮೆ ಹಾವು ಉಳಿಯುವುದಿಲ್ಲ. ಗಂಡು ಹೆಣ್ಣುಗಳ ವ್ಯತ್ಯಾಸವನ್ನು ಬಣ್ಣದಿಂದ ಹೇಳಲಾಗದು. ಗಂಡಿನ ಬಾಲ ಉದ್ದ, ಅದರ ಬುಡ ದಪ್ಪ; ಏಕೆಂದರೆ ಹಾವಿನ ಗಂಡುಲಿಂಗ ಜೋಡಿಯಾಗಿದ್ದು, ಮಲ, ಮೂತ್ರ, ಸಂತಾನ ಮೂರಕ್ಕೂ ಒಂದೇ ದಾರಿಯಾದ ಅವಸ್ಕರ ರಂಧ್ರದ ಹಿಂದೆ, ಬಾಲದೊಳಗೆ ಎರಡು ಚೀಲಗಳಾಗಿ ಮಡಚಿಕೊಂಡಿರುತ್ತದೆ. ಕೂಡುವಾಗ ಎರಡರಲ್ಲಿ ಒಂದೇ ಬಳಕೆಯಾಗುತ್ತದೆ.

ಮೂಲನೆಲೆಯ ಬಹುಭಾಗದಲ್ಲಿ ಚಳಿಗಾಲ ಬಂತೆಂದರೆ ಈ ಹಾವು ಮರದ ಬೇರಿನ ಪೊಟರೆಯಲ್ಲೋ ಮಣ್ಣಿನ ಬಿಲದಲ್ಲೋ ಸೇರಿಕೊಂಡು ತಿಂಗಳುಗಟ್ಟಲೆ ಉಣ್ಣದೆ ಬಿದ್ದಿರುತ್ತದೆ. ಸಸ್ತನಿಗಳ ಶಿಶಿರನಿದ್ರೆಯಷ್ಟು ಗಾಢವಲ್ಲದ, ಆಗಾಗ ಎದ್ದು ನೀರು ಕುಡಿಯುವ ಈ ಜಡಸ್ಥಿತಿಗೆ ಸರೀಸೃಪ ಶಾಸ್ತ್ರದಲ್ಲಿ ಬ್ರೂಮೇಷನ್ ಎಂಬ ಹೆಸರಿದೆ. ಮನೆಯಲ್ಲಿ ಸಾಕುವವರು ಇದನ್ನು ಕೃತಕವಾಗಿ ತರುತ್ತಾರೆ: ಎರಡು ವಾರ ಆಹಾರ ನಿಲ್ಲಿಸಿ ಹೊಟ್ಟೆ ಖಾಲಿಯಾದ ಮೇಲೆ ಉಷ್ಣತೆಯನ್ನು ನಿಧಾನವಾಗಿ ಇಳಿಸಿ, ಸುಮಾರು 10ರಿಂದ 15 ಸೆಲ್ಸಿಯಸ್ ಡಿಗ್ರಿಯ ಕತ್ತಲ ಕೋಣೆಯಲ್ಲಿ ಎರಡು ಮೂರು ತಿಂಗಳು ಇರಿಸುತ್ತಾರೆ. ಹೊಟ್ಟೆ ಖಾಲಿ ಮಾಡುವುದನ್ನು ಮರೆಯುವಂತಿಲ್ಲ. ಹಾವಿನ ಜೀರ್ಣಕ್ರಿಯೆ ಹೊರಗಿನ ಶಾಖವನ್ನು ನೆಚ್ಚಿರುವುದರಿಂದ, ಚಳಿಯಲ್ಲಿ ಒಳಗುಳಿದ ಇಲಿ ಜೀರ್ಣವಾಗದೆ ಅಲ್ಲೇ ಕೊಳೆಯುತ್ತದೆ. ಚಳಿಯ ಅನಂತರ ಬರುವ ಶಾಖ ಗಂಡಿನ ವೀರ್ಯೋತ್ಪತ್ತಿಯನ್ನೂ ಹೆಣ್ಣಿನ ಅಂಡಗಳ ಬಲಿಯುವಿಕೆಯನ್ನೂ ಒಂದೇ ಹೊತ್ತಿಗೆ ತಂದು ನಿಲ್ಲಿಸುತ್ತದೆ ಎಂಬುದು ಇದರ ತರ್ಕ. ಚಳಿ ಕಾಣದ ಜೋಡಿಗಳೂ ಮರಿ ಮಾಡಿರುವುದುಂಟು. ಹಾಗಾಗಿ ಇದು ಅನಿವಾರ್ಯವೆನ್ನುವುದಕ್ಕಿಂತ ಹೊಂದಾಣಿಕೆಯ ಉಪಾಯವೆನ್ನುವುದು ಸರಿ.

ವಸಂತದಲ್ಲಿ ಹೆಣ್ಣು ಮೊದಲ ಪೊರೆ ಬಿಟ್ಟ ಕೂಡಲೇ ಅದರ ಚರ್ಮದಿಂದ ಹೊರಡುವ ವಾಸನೆ ಗಂಡನ್ನು ಕೆರಳಿಸುತ್ತದೆ. ಗಂಡನ್ನು ಹೆಣ್ಣಿನ ಪೆಟ್ಟಿಗೆಗೆ ಬಿಟ್ಟರೆ ಅದು ನಾಲಗೆ ಚಾಚುತ್ತಾ ಹೆಣ್ಣಿನ ಬೆನ್ನುದ್ದಕ್ಕೂ ಗಲ್ಲ ಉಜ್ಜಿ, ಮೈ ಅದುರಿಸಿ, ಬಾಲಕ್ಕೆ ಬಾಲ ಹೆಣೆಯುತ್ತದೆ. ಇಲ್ಲಿ ಕಾದು ನೋಡುವುದರ ಹೊರತು ಕೆಲಸವಿಲ್ಲ. ಹೆಣ್ಣು ಗಂಡಿನ ವೀರ್ಯಾಣುಗಳನ್ನು ಅಂಡನಾಳದಲ್ಲಿ ಕೂಡಿಟ್ಟುಕೊಳ್ಳಬಲ್ಲುದಾದ್ದರಿಂದ, ಒಂದೇ ಋತುವಿನಲ್ಲಿ ಎರಡನೆಯ ಸಲ ಮೊಟ್ಟೆಯಿಟ್ಟಾಗ ಅದಕ್ಕೆ ಹೊಸ ಸಮಾಗಮ ಬೇಕಾಗಿಲ್ಲದಿರಬಹುದು. ಇದೇ ಕಾರಣಕ್ಕೆ, ಒಂದೇ ಹೆಣ್ಣಿಗೆ ಎರಡು ಗಂಡುಗಳನ್ನು ಬಿಟ್ಟವರಿಗೆ ಮರಿಗಳ ತಂದೆ ಯಾರೆಂಬುದು ಖಚಿತವಾಗದು. ವಂಶಾವಳಿಯ ಪುಸ್ತಕದಲ್ಲಿ ಬರೆದದ್ದೆಲ್ಲ ಅಲ್ಲಿಂದಾಚೆ ಊಹೆಯಾಗುತ್ತದೆ.

ಗರ್ಭ ಕಟ್ಟಿದ ಹೆಣ್ಣು ಮೈಯ ಹಿಂಭಾಗದಲ್ಲಿ ದಪ್ಪಗಾಗಿ, ಬೆಚ್ಚನೆಯ ಕಡೆಗೆ ಹೆಚ್ಚು ಹೊತ್ತು ಒರಗಿ, ಕೊನೆಯ ದಿನಗಳಲ್ಲಿ ಆಹಾರ ಬಿಡುತ್ತದೆ. ಅನಂತರ ಮತ್ತೊಮ್ಮೆ ಪೊರೆ ಬಿಡುತ್ತದೆ. ಇದು ನಂಬಬಹುದಾದ ಪಂಚಾಂಗ, ಏಕೆಂದರೆ ಪೊರೆ ಕಳಚಿದ ಸುಮಾರು ಒಂದು ವಾರದಿಂದ ಹನ್ನೆರಡು ದಿನಗಳೊಳಗೆ ಮೊಟ್ಟೆ ಬೀಳುತ್ತದೆ. ಅಷ್ಟರಲ್ಲಿ ಒದ್ದೆ ಪಾಚಿ ತುಂಬಿ, ಮುಚ್ಚಳದಲ್ಲಿ ತೂತು ಕೊರೆದ ಡಬ್ಬಿಯೊಂದನ್ನು ಒಳಗಿಟ್ಟಿರಬೇಕು. ತೇವದ ಕತ್ತಲೆ ಸಿಗದ ಹೆಣ್ಣು ನೀರಿನ ಬಟ್ಟಲಲ್ಲೇ ಮೊಟ್ಟೆಯಿಡುವುದುಂಟು, ನೀರಿನಲ್ಲಿ ಮುಳುಗಿದ ಮೊಟ್ಟೆಯ ಭ್ರೂಣ ಉಸಿರು ಕಟ್ಟಿ ಸಾಯುತ್ತದೆ. ಒಂದು ಸಲಕ್ಕೆ ಹತ್ತರಿಂದ ಮೂವತ್ತರವರೆಗೆ, ಹೆಚ್ಚಾಗಿ ಹದಿನೈದರ ಆಸುಪಾಸಿನಲ್ಲಿ ಮೊಟ್ಟೆಗಳು. ಉದ್ದನೆಯ, ಬಿಳಿಯ, ತಿಳಿಯಾಗಿ ಅಂಟಿನಿಂದ ಹೊಳೆಯುವ ಅವು ಒಣಗುತ್ತಿದ್ದಂತೆ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಗೊಂಚಲಾಗುತ್ತವೆ.

ಇಟ್ಟ ಮೇಲೆ ತಾಯಿಗೂ ಮೊಟ್ಟೆಗೂ ಸಂಬಂಧ ಮುಗಿಯಿತು. ಹಾವುಗಳಲ್ಲಿ ಎಲ್ಲ ತಾಯಂದಿರೂ ಹೀಗಲ್ಲ. ಹೆಬ್ಬಾವು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ, ಸ್ನಾಯುಗಳನ್ನು ಮತ್ತೆ ಮತ್ತೆ ಅದುರಿಸಿ ತನ್ನ ಮೈಯಲ್ಲೇ ಶಾಖ ಹುಟ್ಟಿಸಿ ಕಾವು ಕೊಡುತ್ತದೆ. ಆಗುಂಬೆಯ ಕಾಡಿನ ಕಾಳಿಂಗ ಸರ್ಪ ಉದುರೆಲೆಗಳನ್ನು ಗುಡ್ಡೆ ಹಾಕಿ ಗೂಡು ಕಟ್ಟಿ ವಾರಗಟ್ಟಲೆ ಕಾವಲಿರುತ್ತದೆ. ಪಶ್ಚಿಮ ಘಟ್ಟದ ಈ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ ಕನ್ನಡದ ಹೆಸರನ್ನೇ ಅದರ ಶಾಸ್ತ್ರೀಯ ಹೆಸರಿಗೂ ಸೇರಿಸಲಾಗಿದೆ. ಕಾರ್ನ್ ಹಾವು ಮಾತ್ರ ಕೊಳೆತ ಮರದ ದಿಮ್ಮಿಯ ಒಳಗೋ ಎಲೆಗೊಬ್ಬರದ ಅಡಿಯೋ ತೇವ ಮತ್ತು ಕಾವು ಎರಡೂ ಇರುವ ಜಾಗವನ್ನು ಆರಿಸುವುದರಲ್ಲೇ ತಾಯ್ತನ ಮುಗಿಸುತ್ತದೆ. ಮನೆಯಲ್ಲಿ ಇರಿಸುವ ಕಾವುಪೆಟ್ಟಿಗೆ ನಕಲು ಮಾಡಬೇಕಾದುದು ಹಾಗಾಗಿ ತಾಯಿಯನ್ನಲ್ಲ, ಆ ಕೊಳೆತ ದಿಮ್ಮಿಯನ್ನು.

ಹಾವಿನ ಮೊಟ್ಟೆಯನ್ನು ಕೋಳಿಮೊಟ್ಟೆಯಂತೆ ಭಾವಿಸುವುದೇ ಹೆಚ್ಚಿನ ತಪ್ಪುಗಳ ಮೂಲ. ಕೋಳಿಮೊಟ್ಟೆಯ ಚಿಪ್ಪು ಗಡುಸಾದ ಸುಣ್ಣದ ಗೋಡೆ. ಭ್ರೂಣಕ್ಕೆ ಬೇಕಾದ ನೀರೆಲ್ಲ ಒಳಗಿನ ಬಿಳಿ ಲೋಳೆಯಲ್ಲೇ ತುಂಬಿರುತ್ತದೆ, ಅದು ಹೊರಗಿನಿಂದ ಬೇಡುವುದು ಆಮ್ಲಜನಕ ಮತ್ತು ಶಾಖವನ್ನು ಮಾತ್ರ. ಕಾರ್ನ್ ಹಾವಿನ ಮೊಟ್ಟೆಯಲ್ಲಿ ಬಿಳಿ ಲೋಳೆ ತೀರಾ ಅಲ್ಪ. ಅದರ ಚಿಪ್ಪು ಪ್ರೋಟೀನಿನ ನಾರುಗಳನ್ನು ಪದರ ಪದರವಾಗಿ ಹೆಣೆದ ತೊಗಲಿನಂಥ ಹೊದಿಕೆ, ಅದರ ಮೇಲೆ ಸುಣ್ಣದ ಲೇಪ ಬಹಳ ತೆಳು. ಈ ಹೊದಿಕೆಯ ಮೂಲಕ ನೀರು ಎರಡೂ ದಿಕ್ಕಿಗೆ ಹಾಯುತ್ತದೆ: ಸುತ್ತಲ ನೆಲ ಒದ್ದೆಯಿದ್ದರೆ ಮೊಟ್ಟೆ ನೀರು ಹೀರಿ ಉಬ್ಬಿ, ಇಟ್ಟಾಗಿನದಕ್ಕಿಂತ ಹೆಚ್ಚು ತೂಗುತ್ತದೆ, ಸುತ್ತಲೂ ಒಣಗಿದ್ದರೆ ಇದ್ದ ನೀರನ್ನೂ ಬಿಟ್ಟುಕೊಟ್ಟು ಕುಗ್ಗುತ್ತದೆ. ತಾಯಿ ಮೊಟ್ಟೆಯೊಳಗೆ ತುಂಬಿಕೊಡದ ನೀರನ್ನು ಅದು ನೆಲದಿಂದ ಪಡೆಯಬೇಕು ಎಂಬ ಈ ಒಂದು ಸಂಗತಿ ತಿಳಿದರೆ ಕಾವುಪೆಟ್ಟಿಗೆಯ ಉಳಿದ ವ್ಯವಸ್ಥೆಯೆಲ್ಲ ತಾನಾಗಿ ಅರ್ಥವಾಗುತ್ತದೆ.

ಆದ್ದರಿಂದಲೇ ಮೊಟ್ಟೆಗಳನ್ನು ತೇವ ಹಿಡಿಯುವ ಹಾಸಿನ ಮೇಲೆ ಅರ್ಧ ಹುದುಗಿಸಿ ಇಡುತ್ತಾರೆ. ಇದಕ್ಕೆ ಹೆಚ್ಚು ಬಳಕೆಯಾಗುವುದು ವರ್ಮಿಕ್ಯುಲೈಟ್. ಕಾಯಿಸಿದಾಗ ಪದರ ಬಿಚ್ಚಿ ಹಿಗ್ಗುವ ಈ ಹಗುರ ಖನಿಜವನ್ನು ತೂಕಕ್ಕೆ ತೂಕ ನೀರು ಬೆರೆಸಿ ಕಲಸಿದರೆ, ಮುಷ್ಟಿಯಲ್ಲಿ ಹಿಂಡಿದಾಗ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಇದನ್ನು ಮೂರು ನಾಲ್ಕು ಬೆರಳು ದಪ್ಪ ಹರಡಿ, ಮೊಟ್ಟೆಯ ಗೊಂಚಲನ್ನು ಬಿಡಿಸದೆ ಹಾಗೆಯೇ ಇರಿಸಿ, ಮುಚ್ಚಳ ಹಾಕಿ, ಡಬ್ಬಿಯನ್ನು ಥರ್ಮೋಸ್ಟಾಟ್ ಇರುವ ಪೆಟ್ಟಿಗೆಯಲ್ಲಿ 26ರಿಂದ 29 ಸೆಲ್ಸಿಯಸ್ ಡಿಗ್ರಿಯಲ್ಲಿ ಇಟ್ಟರೆ ಸಾಮಾನ್ಯವಾಗಿ ಎಂಟು ಒಂಬತ್ತು ವಾರಗಳಲ್ಲಿ ಮರಿಯಾಗುತ್ತದೆ. ಥರ್ಮೋಸ್ಟಾಟ್ ಎಂದರೆ ನಿಗದಿಯಾದ ಉಷ್ಣತೆ ದಾಟಿದೊಡನೆ ವಿದ್ಯುತ್ ಕಡಿದು, ಇಳಿದೊಡನೆ ಮತ್ತೆ ಹರಿಸುವ ಸಾಧನ. ಹಣ ಉಳಿಸಲು ಇದನ್ನು ಬಿಟ್ಟು ಬಲ್ಬಿನ ಕಾವನ್ನೇ ನಂಬಿದವರ ಮೊಟ್ಟೆಗಳು ಬೇಸಿಗೆಯ ಒಂದೇ ಮಧ್ಯಾಹ್ನಕ್ಕೆ ಬೆಂದು ಹೋಗಬಹುದು. ಕಾವು ತುಸು ತಗ್ಗಿದರೆ ದಿನಗಳು ಹೆಚ್ಚಾಗುತ್ತವೆ, ಅಷ್ಟೆ. ಮೂವತ್ತೆರಡರ ಆಚೆಗೆ ಏರಿ ನಿಂತರೆ ಬೆನ್ನೆಲುಬು ಸೊಟ್ಟಗಾದ ಮರಿಗಳು, ಇಲ್ಲವೇ ಸತ್ತ ಮರಿಗಳು ದೊರೆಯುತ್ತವೆ. ಮೊಸಳೆ ಮತ್ತು ಬಹುತೇಕ ಆಮೆಗಳಲ್ಲಿ ಕಾವಿನ ಉಷ್ಣತೆಯೇ ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುತ್ತದೆ, ಕಾರ್ನ್ ಹಾವಿನಲ್ಲಿ ಹಾಗಿಲ್ಲ. ಇಲ್ಲಿ ಹಕ್ಕಿಗಳಂತೆ ತಾಯಿಯ ವರ್ಣತಂತು ಅದನ್ನು ಮೊದಲೇ ತೀರ್ಮಾನಿಸಿರುತ್ತದೆ, ಥರ್ಮೋಸ್ಟಾಟ್ ತಿರುವಿ ಹೆಣ್ಣುಮರಿ ಪಡೆಯುತ್ತೇವೆ ಎನ್ನುವವರ ಮಾತಿಗೆ ಆಧಾರವಿಲ್ಲ.

ಮೊಟ್ಟೆಯನ್ನು ತಿರುಗಿಸಬಾರದೆಂಬ ಕಟ್ಟುನಿಟ್ಟು ಕೂಡ ರಚನೆಯಿಂದಲೇ ಬಂದುದು. ಕೋಳಿಮೊಟ್ಟೆಯಲ್ಲಿ ಹಳದಿಯನ್ನು ಎರಡೂ ಬದಿಯಿಂದ ಹಿಡಿದು ತೂಗುವ ಲೋಳೆಯ ಹುರಿಗಳಿರುವುದರಿಂದ ಕೋಳಿ ದಿನವೂ ಕೊಕ್ಕಿನಿಂದ ಹೊರಳಿಸಿದರೂ ಭ್ರೂಣಕ್ಕೆ ಧಕ್ಕೆಯಿಲ್ಲ, ಬದಲಿಗೆ ಹೊರಳಿಸದಿದ್ದರೆ ತೊಂದರೆ. ಹಾವಿನ ಮೊಟ್ಟೆಯಲ್ಲಿ ಅಂಥ ಹುರಿಗಳಿಲ್ಲ. ಭ್ರೂಣ ಹಳದಿಯ ಮೇಲ್ತುದಿಗೆ ತೇಲಿ ಬಂದು, ಉಸಿರಾಟಕ್ಕೆ ನೆರವಾಗುವ ರಕ್ತನಾಳಗಳ ಪೊರೆಯನ್ನು ಚಿಪ್ಪಿನ ಒಳಮೈಗೆ ಹರಡಿ ಅಲ್ಲೇ ನೆಲೆಯೂರುತ್ತದೆ; ಆ ಮೇಲೆ ಮೊಟ್ಟೆಯನ್ನು ಮಗುಚಿದರೆ ಹಳದಿಯ ಭಾರ ಭ್ರೂಣದ ಮೇಲೆ ಬೀಳುತ್ತದೆ, ಎಳೆಯ ನಾಳಗಳು ಹರಿಯಬಹುದು. ಆದ್ದರಿಂದ ಸಾಕುವವರು ಪ್ರತಿ ಮೊಟ್ಟೆಯ ನೆತ್ತಿಗೂ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಎತ್ತಬೇಕಾದಾಗ ಗುರುತು ಮೇಲೆಯೇ ಉಳಿಯುವಂತೆ ಎತ್ತುತ್ತಾರೆ. ಕತ್ತಲ ಕೋಣೆಯಲ್ಲಿ ಮೊಟ್ಟೆಯ ಬದಿಗೆ ಸಣ್ಣ ಟಾರ್ಚ್ ಒತ್ತಿ ಹಿಡಿದರೆ, ಜೀವವಿರುವ ಮೊಟ್ಟೆ ನಸುಗೆಂಪಾಗಿ ಬೆಳಗಿ ಅದರೊಳಗೆ ಎಲೆಯ ನರಗಳಂತೆ ಕವಲೊಡೆದ ರಕ್ತನಾಳಗಳು ಕಾಣುತ್ತವೆ. ಫಲಿಸದ ಮೊಟ್ಟೆ ಬರಿಯ ಹಳದಿಯಾಗಿ ಹೊಳೆಯುತ್ತದೆ. ಇಟ್ಟ ದಿನವೇ ಅದು ಮೇಣದ ಬಣ್ಣದ್ದಾಗಿ, ಕಿರಿದಾಗಿ, ಒತ್ತಿದರೆ ಗಟ್ಟಿಯಾಗಿ ಹತ್ತುವುದರಿಂದ ಅನುಭವಿಗಳಿಗೆ ಟಾರ್ಚೂ ಬೇಡ.

ಮುಂದಿನ ವಾರಗಳ ಕೆಲಸ ವಾರಕ್ಕೊಮ್ಮೆ ಮುಚ್ಚಳ ತೆರೆದು ಗಾಳಿಯಾಡಿಸುವುದು ಮತ್ತು ಮುಚ್ಚಳದ ಒಳಗೆ ಕಟ್ಟಿದ ಹನಿಗಳನ್ನು ಒರೆಸುವುದು. ಹನಿ ಮೊಟ್ಟೆಯ ಮೇಲೆ ಬಿದ್ದು ನಿಂತರೆ ಅಲ್ಲಿ ಚಿಪ್ಪಿನ ರಂಧ್ರಗಳು ಮುಚ್ಚಿ ಆಮ್ಲಜನಕ ಕಡಿಮೆಯಾಗುತ್ತದೆ. ಭ್ರೂಣ ಬೆಳೆದಷ್ಟೂ ಅದರ ಉಸಿರಿನ ಬೇಡಿಕೆ ಏರುತ್ತದಾದ್ದರಿಂದ ಕೊನೆಯ ವಾರಗಳಲ್ಲಿ ಈ ಎಚ್ಚರ ಹೆಚ್ಚು ಬೇಕು. ಬೂಷ್ಟು ಕಂಡೊಡನೆ ಗಾಬರಿಪಟ್ಟು ಗೊಂಚಲನ್ನು ಹರಿದು ಬೇರ್ಪಡಿಸುವುದು ಬೂಷ್ಟಿಗಿಂತ ದೊಡ್ಡ ಹಾನಿ. ಶಿಲೀಂಧ್ರ ಮೊದಲು ಹಿಡಿಯುವುದು ಸತ್ತ ಮೊಟ್ಟೆಯನ್ನು, ಜೀವವಿರುವ ಮೊಟ್ಟೆಗಳು ಸಾಮಾನ್ಯವಾಗಿ ಅದರ ಪಕ್ಕದಲ್ಲೇ ಇದ್ದೂ ಉಳಿಯುತ್ತವೆ. ಅರ್ಧ ಅವಧಿಯಲ್ಲಿ ಮೊಟ್ಟೆ ತಗ್ಗು ಬಿದ್ದರೆ ಹಾಸಿನ ಅಂಚಿಗೆ ಕಾವಿನಷ್ಟೇ ಬೆಚ್ಚಗಿನ ನೀರು ಸುರಿಯಬೇಕು. ಕೊನೆಯ ಹತ್ತು ದಿನಗಳಲ್ಲಿ ತಗ್ಗು ಬಿದ್ದರೆ ಏನೂ ಮಾಡಬೇಕಾಗಿಲ್ಲ, ಒಳಗಿನ ಮರಿ ಹೊರಡಲು ಅಣಿಯಾಗುತ್ತಿದೆಯೆಂದೇ ಅರ್ಥ.

ಹೊರಗೆ ಸಪ್ಪೆಯಾಗಿ ಬಿದ್ದಿರುವ ಈ ಮೊಟ್ಟೆಯೊಳಗೆ ನಡೆಯುವುದು ಮಾತ್ರ ಸಾಮಾನ್ಯ ಸಂಗತಿಯಲ್ಲ. ಬೆನ್ನೆಲುಬಿರುವ ಎಲ್ಲ ಪ್ರಾಣಿಗಳ ಭ್ರೂಣದಲ್ಲೂ ಬೆನ್ನಿನುದ್ದಕ್ಕೆ ಸೋಮೈಟ್ ಎಂಬ ಕೋಶಗುಚ್ಛಗಳು ತಲೆಯಿಂದ ಬಾಲದ ಕಡೆಗೆ ಒಂದಾದ ಮೇಲೊಂದು ಕತ್ತರಿಸಿಕೊಂಡು ರೂಪುಗೊಳ್ಳುತ್ತವೆ, ಇವುಗಳಿಂದಲೇ ಮುಂದೆ ಕಶೇರುಮಣಿ, ಪಕ್ಕೆಲುಬು, ಸ್ನಾಯುಗಳಾಗುತ್ತವೆ. ಇಲಿಯಲ್ಲಿ ಇಂಥವು ಅರುವತ್ತೈದರಷ್ಟು. ಕಾರ್ನ್ ಹಾವಿನಲ್ಲಿ ಮುನ್ನೂರಕ್ಕೂ ಮೀರಿ. ಒಲಿವಿಯೆ ಪುರ್ಕೀ ಅವರ ತಂಡ 2008ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಕಾರ್ನ್ ಹಾವಿನ ಭ್ರೂಣಗಳನ್ನೇ ಬಳಸಿಕೊಂಡು ಇದರ ಗುಟ್ಟನ್ನು ವಿವರಿಸಿತು. ಗುಚ್ಛಗಳನ್ನು ಕತ್ತರಿಸುವ ಲಯವನ್ನು ನಿಯಂತ್ರಿಸುವ ವಂಶವಾಹಿಗಳ ಗಡಿಯಾರವೊಂದು ಎಲ್ಲ ಕಶೇರುಕಗಳಲ್ಲೂ ಇದೆ. ಹಾವಿನ ಭ್ರೂಣದಲ್ಲಿ ಬೆಳವಣಿಗೆಯ ವೇಗಕ್ಕೆ ಹೋಲಿಸಿದರೆ ಈ ಗಡಿಯಾರ ಬಹಳ ಬೇಗ ಬಡಿಯುತ್ತದೆ, ಹಾಗಾಗಿ ಅದೇ ದ್ರವ್ಯ ಇನ್ನಷ್ಟು ಸಣ್ಣ, ಇನ್ನಷ್ಟು ಹೆಚ್ಚು ತುಂಡುಗಳಾಗುತ್ತದೆ. ಹಾವನ್ನು ಉದ್ದವಾಗಿಸಲು ಪ್ರಕೃತಿ ಹೊಸ ಯಂತ್ರವನ್ನೇನೂ ತರಲಿಲ್ಲ, ಹಳೆಯದರ ಲಯವನ್ನು ಚುರುಕುಗೊಳಿಸಿತು. ಹವ್ಯಾಸಿಗಳ ಮನೆಯ ಹಾವೊಂದು ಪ್ರಯೋಗಶಾಲೆ ಸೇರಿದ್ದು ಸುಲಭವಾಗಿ ಮೊಟ್ಟೆ ಸಿಗುತ್ತದೆಂಬ ಇದೇ ಕಾರಣಕ್ಕೆ.

ಅವಧಿ ತುಂಬಿದಾಗ ಮರಿಯ ಮೇಲ್ದವಡೆಯ ತುದಿಯಲ್ಲಿ ಮುಂದಕ್ಕೆ ಚಾಚಿದ ಹಲ್ಲೊಂದು ಇರುತ್ತದೆ. ಹಕ್ಕಿಮರಿಯ ಕೊಕ್ಕಿನ ತುದಿಯಲ್ಲಿರುವುದು ಗಡುಸಾದ ಗಂಟು ಮಾತ್ರ. ಹಾವುಮರಿಯದು ದಂತದ್ರವ್ಯವಿರುವ ನಿಜವಾದ ಹಲ್ಲು. ತಲೆಯನ್ನು ಅತ್ತಿಂದಿತ್ತ ಆಡಿಸುತ್ತಾ ಮರಿ ಚಿಪ್ಪನ್ನು ಒಡೆಯುವುದಿಲ್ಲ, ಕೊಯ್ಯುತ್ತದೆ: ಚೂರಿಯಿಂದ ಗೀರಿದಂತೆ ಎರಡು ಮೂರು ಸೀಳುಗಳು ಬಿದ್ದು, ಅವುಗಳಿಂದ ತಿಳಿದ್ರವ ಒಸರಿ, ಸ್ವಲ್ಪ ಹೊತ್ತಿಗೆ ಮೂಗಿನ ತುದಿ ಕಾಣಿಸುತ್ತದೆ. ಆಮೇಲೆ ಒಂದೆರಡು ದಿನ ಮರಿ ಅಲ್ಲೇ ಕೂತಿರುತ್ತದೆ, ತಲೆ ಹೊರಗಿಟ್ಟು ಯಾರಾದರೂ ಸಮೀಪಿಸಿದರೆ ಒಳಗೆಳೆದುಕೊಳ್ಳುತ್ತದೆ. ಮೊಟ್ಟೆಯಲ್ಲಿ ಉಳಿದ ಹಳದಿ ಹೊಕ್ಕುಳ ಮೂಲಕ ಹೊಟ್ಟೆಯೊಳಗೆ ಸೇರುವುದು, ಮೊಟ್ಟೆಯ ಪೊರೆಯಲ್ಲಿದ್ದ ರಕ್ತ ದೇಹಕ್ಕೆ ಮರಳುವುದು, ಶ್ವಾಸಕೋಶ ಕೆಲಸಕ್ಕೆ ತೊಡಗುವುದು ಎಲ್ಲವೂ ಈ ಬಿಡುವಿನಲ್ಲೇ. ಕಾತರದಿಂದ ಕತ್ತರಿ ಹಿಡಿದು ಮೊಟ್ಟೆ ಬಿಡಿಸುವ ಅಭ್ಯಾಸ ಕೆಲವರಲ್ಲಿ ಇದೆ; ಒಳಸೇರದ ಹಳದಿಯ ಚೀಲವನ್ನು ನೆಲದ ಮೇಲೆ ಎಳೆದುಕೊಂಡು ಬರುವ ಮರಿ ಬಹುಮಟ್ಟಿಗೆ ಆ ಆತುರದ ಫಲ.

ಹೊರಬಂದ ಮರಿ ಸುಮಾರು ಒಂದು ಅಡಿ ಉದ್ದ, ಪೆನ್ಸಿಲಿಗಿಂತ ತೆಳು. ಒಂದು ವಾರದಿಂದ ಹತ್ತು ದಿನಕ್ಕೆ ಮೊದಲ ಪೊರೆ ಬಿಡುತ್ತದೆ, ಅಲ್ಲಿಯವರೆಗೆ ಹೊಟ್ಟೆಯ ಹಳದಿಯೇ ಆಹಾರ. ಅದಾದ ಮೇಲೆ ಒಂದೊಂದನ್ನು ಬೇರೆ ಬೇರೆ ಡಬ್ಬಿಯಲ್ಲಿಟ್ಟು, ರೋಮ ಬಾರದ, ಕಣ್ಣು ತೆರೆಯದ, ಹೆಪ್ಪುಗಟ್ಟಿಸಿ ಮತ್ತೆ ಬೆಚ್ಚಗೆ ಮಾಡಿದ ಇಲಿಮರಿಯನ್ನು ಕೊಡಬೇಕು. ಹೆಚ್ಚಿನವು ತಿನ್ನುತ್ತವೆ, ಕೆಲವು ತಿರುಗಿಯೂ ನೋಡವು. ಹಟಕ್ಕೆ ಕಾರಣ ಅಮೆರಿಕದ ಕಾಡಿನಲ್ಲಿದೆ. ಅಲ್ಲಿ ಎಳೆಯ ಕಾರ್ನ್ ಹಾವಿನ ಬೇಟೆ ಇಲಿಯಲ್ಲ, ಪೊದೆಗಳಲ್ಲಿ ಕೂರುವ ಅನೋಲ್ ಎಂಬ ಪುಟ್ಟ ಹಲ್ಲಿ ಮತ್ತು ಮರಗಪ್ಪೆಗಳು, ಇಲಿಗೆ ತಿರುಗುವುದು ಬಾಯಿ ಅಗಲವಾದ ಮೇಲೆ. ಇದನ್ನು ಅರಿತವರು ಇಲಿಮರಿಗೆ ಹಲ್ಲಿಯ ವಾಸನೆ ಸವರಿ ಕೊಡುತ್ತಾರೆ, ಹಟಮಾರಿ ಮರಿಯೂ ಹಲವೊಮ್ಮೆ ಮೋಸಹೋಗಿ ನುಂಗುತ್ತದೆ.

ಇನ್ನು ಬಣ್ಣ. ಕಾರ್ನ್ ಹಾವಿನ ವ್ಯಾಪಾರ ನಿಂತಿರುವುದೇ ಅದರ ಮೇಲೆ. ಕಾಡಿನ ಹಾವಿನ ಚರ್ಮದಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವೂ, ಕೆಂಪು ಹಳದಿ ವರ್ಣದ್ರವ್ಯಗಳೂ ಬೇರೆ ಬೇರೆ ಕೋಶಗಳಲ್ಲಿರುತ್ತವೆ. 1950ರ ದಶಕದಲ್ಲಿ ಉತ್ತರ ಕೆರೊಲಿನಾದಲ್ಲಿ ಕಪ್ಪಿನ ಲೇಶವೂ ಇಲ್ಲದ ಗಂಡು ಹಾವೊಂದು ಸಿಕ್ಕಿತು. ಚರ್ಮವೈದ್ಯ ಬರ್ನಾರ್ಡ್ ಬೆಕ್ಟೆಲ್ ಮತ್ತು ಎಲಿಜಬೆತ್ ಬೆಕ್ಟೆಲ್ ಅದರಿಂದ ತಳಿ ಬೆಳೆಸಿ, ಈ ಲಕ್ಷಣ ಮೆಂಡೆಲನ ನಿಯಮದಂತೆ ದುರ್ಬಲ ಗುಣವಾಗಿ ಹರಿದು ಬರುತ್ತದೆಂದು 1962ರಲ್ಲಿ ಪ್ರಕಟಿಸಿದರು. ದುರ್ಬಲ ಗುಣವೆಂದರೆ ತಂದೆ ತಾಯಿ ಇಬ್ಬರಿಂದಲೂ ಅದೇ ಬಗೆಯ ವಂಶವಾಹಿ ಬಂದಾಗ ಮಾತ್ರ ಹೊರಗೆ ಕಾಣುವ ಗುಣ; ಒಂದೇ ಪ್ರತಿ ಬಂದರೆ ಹಾವು ನೋಡಲು ಸಾಧಾರಣವೇ, ಒಳಗೆ ಮಾತ್ರ ಅದನ್ನು ಹೊತ್ತಿರುತ್ತದೆ. ಇಂಥ ವಾಹಕ ಹಾವನ್ನು ಸಾಕುವವರು ಚುಟುಕಾಗಿ ಹೆಟ್ ಎನ್ನುತ್ತಾರೆ. ಅರ್ಧ ಶತಮಾನದ ಬಳಿಕ, 2015ರಲ್ಲಿ, ಜಿನೀವಾ ವಿಶ್ವವಿದ್ಯಾಲಯದ ಸಂಶೋಧಕರು ಕಪ್ಪಿಲ್ಲದ ಈ ಬಣ್ಣದ ಮೂಲ ಕಾರಣವನ್ನು ಪತ್ತೆ ಮಾಡಿದರು: ಡಿಎನ್‌ಎಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ನಕಲಾಗಿ ಸೇರಿಕೊಳ್ಳುವ ತುಣುಕೊಂದು ಒಸಿಎ2 ಎಂಬ ವಂಶವಾಹಿಯ ನಡುವೆ ಹೊಕ್ಕು ಅದನ್ನು ಕೆಡಿಸಿತ್ತು. ಮನುಷ್ಯರಲ್ಲಿ ಒಂದು ಬಗೆಯ ಬಿಳಿಚುತನಕ್ಕೆ ಕಾರಣವಾಗುವುದೂ ಇದೇ ವಂಶವಾಹಿಯ ದೋಷ.

ಕಪ್ಪಿಲ್ಲದ ಹಾವಿಗೆ, ಕೆಂಪಿಲ್ಲದೆ ಬೂದುಗಪ್ಪಾಗಿರುವ ಇನ್ನೊಂದು ದುರ್ಬಲ ತಳಿಯನ್ನು ಕೂಡಿಸಿದರೆ ಮೊದಲ ಪೀಳಿಗೆಯ ಮರಿಗಳೆಲ್ಲ ಕಾಡಿನ ಬಣ್ಣದವೇ ಆಗಿ ಸಾಕುವವರನ್ನು ನಿರಾಶೆಗೊಳಿಸುತ್ತವೆ. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದಾಗ ಹದಿನಾರರಲ್ಲಿ ಸರಾಸರಿ ಒಂಬತ್ತು ಸಾಧಾರಣ, ಮೂರು ಕಪ್ಪಿಲ್ಲದವು, ಮೂರು ಕೆಂಪಿಲ್ಲದವು, ಒಂದು ಎರಡೂ ಇಲ್ಲದ ನಸುಗುಲಾಬಿ ಬಿಳುಪಿನ ಮರಿ ಹುಟ್ಟುತ್ತವೆ; ಮಾರುಕಟ್ಟೆಯಲ್ಲಿ ಈ ಕೊನೆಯದನ್ನು ಸ್ನೋ ಎನ್ನುತ್ತಾರೆ. ಸರಾಸರಿ ಎಂಬ ಮಾತನ್ನು ಇಲ್ಲಿ ಹಗುರವಾಗಿ ಓದಬಾರದು. ಪ್ರತಿ ಮೊಟ್ಟೆಯೂ ಸ್ವತಂತ್ರವಾಗಿ ಎಸೆದ ದಾಳವಾದ್ದರಿಂದ ಹದಿನಾರು ಮೊಟ್ಟೆಗಳಲ್ಲಿ ಒಂದೂ ಸ್ನೋ ಬಾರದಿರುವ ಸಾಧ್ಯತೆ ನೂರಕ್ಕೆ ಮೂವತ್ತಾರರ ಸಮೀಪ. ಎರಡು ಹೆಟ್ ಹಾವುಗಳ ಸಾಧಾರಣ ಬಣ್ಣದ ಮರಿಯನ್ನು ಮಾರುವವರು ಅದರ ಚೀಟಿಯಲ್ಲಿ ನೂರಕ್ಕೆ ಅರುವತ್ತಾರು ಹೆಟ್ ಎಂದು ಬರೆಯುವುದೂ ಇದೇ ಲೆಕ್ಕದಿಂದ: ಹಾಗೆ ಕಾಣುವ ಮೂರು ಮರಿಗಳಲ್ಲಿ ಎರಡು ವಾಹಕಗಳು, ಯಾವ ಎರಡು ಎಂಬುದು ಹೊರನೋಟಕ್ಕೆ ತಿಳಿಯದು. ಈಗ ಕಳಚಿದ ಪೊರೆಯ ತುಣುಕಿನಿಂದಲೇ ಕೆಲವು ವಂಶವಾಹಿಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳಿವೆ.

ಬಣ್ಣವನ್ನು ಗಟ್ಟಿಮಾಡಲು ಅಣ್ಣ ತಂಗಿಯರನ್ನೇ ಪೀಳಿಗೆಯ ಮೇಲೆ ಪೀಳಿಗೆ ಕೂಡಿಸುವಾಗ ಬಣ್ಣದ ಜೊತೆಗೆ ಅಡಗಿದ್ದ ದೋಷಗಳೂ ಜೋಡಿಯಾಗಿ ಹೊರಬರುತ್ತವೆ. ಸನ್‌ಕಿಸ್ಡ್ ಎಂಬ ತಳಿಯಲ್ಲಿ ಮೊದಲು ಗಮನಕ್ಕೆ ಬಂದ ಸ್ಟಾರ್‌ಗೇಜಿಂಗ್ ಅಂಥದೊಂದು: ಅದೂ ದುರ್ಬಲ ಗುಣ, ಪೀಡಿತ ಮರಿ ತಲೆಯನ್ನು ಮೇಲಕ್ಕೆ ತಿರುಚಿ ಹಿಡಿದು, ಮೈಯ ಸಮತೋಲ ಕಳೆದುಕೊಂಡು, ಮಗುಚಿ ಬಿದ್ದರೆ ನೆಟ್ಟಗಾಗಲು ಒದ್ದಾಡುತ್ತದೆ. ವಾಹಕ ಹಾವು ಪೂರ್ಣ ಆರೋಗ್ಯದಿಂದ ಕಾಣುವುದರಿಂದ, ಕೊಂಡವರು ತಿಳಿಯದೆಯೇ ಅದನ್ನು ಮುಂದಿನ ಪೀಳಿಗೆಗೆ ದಾಟಿಸುತ್ತಾರೆ. ಹಾವಿನ ತಳಿ ಬೆಳೆಸುವವರ ಪ್ರಾಮಾಣಿಕತೆಯನ್ನು ಅಳೆಯಬೇಕಾದುದು ಅವರ ಮರಿಗಳ ಬಣ್ಣದಿಂದಲ್ಲ, ಪೋಷಕ ಹಾವುಗಳ ಬಗ್ಗೆ ಅವರು ಇಟ್ಟಿರುವ ದಾಖಲೆಗಳಿಂದ.

ಒಂದು ಹೆಣ್ಣು ವರ್ಷಕ್ಕೆ ಹದಿನೈದು ಮರಿ ಕೊಟ್ಟರೆ ಹದಿನೈದು ಡಬ್ಬಿ, ವಾರಕ್ಕೆ ಹದಿನೈದು ಇಲಿಮರಿ, ಇಪ್ಪತ್ತು ವರ್ಷ ನೋಡಿಕೊಳ್ಳಬಲ್ಲ ಹದಿನೈದು ಮನೆಗಳು ಬೇಕು. ಅಷ್ಟು ಮನೆಗಳಿಲ್ಲವೆಂದು ಮೊದಲೇ ತಿಳಿದವರು ಇಟ್ಟ ದಿನವೇ ಮೊಟ್ಟೆಗಳಲ್ಲಿ ಕೆಲವನ್ನು ತೆಗೆದು ಹೆಪ್ಪುಗಟ್ಟಿಸುವುದುಂಟು. ಕಠಿಣವೆನಿಸಿದರೂ ಇದು ಮರಿಯನ್ನು ಹೊಲಕ್ಕೆ ಬಿಡುವುದಕ್ಕಿಂತ ಮೇಲು. ಗ್ರ್ಯಾಂಡ್ ಕೇಮನ್ ಸೇರಿದಂತೆ ಕೆರಿಬಿಯನ್ನಿನ ಹಲವು ದ್ವೀಪಗಳಲ್ಲಿ ಹೊರಗಿನಿಂದ ಬಂದ ಕಾರ್ನ್ ಹಾವುಗಳು ಈಗಾಗಲೇ ನೆಲೆಯೂರಿವೆ, ಆಸ್ಟ್ರೇಲಿಯಾ ಇದನ್ನು ಸಾಕುವುದನ್ನೇ ನಿಷೇಧಿಸಿದೆ. ಭಾರತದಲ್ಲಿ ಕೇರೆ, ನಾಗರ, ಹೆಬ್ಬಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ಅವುಗಳ ಮೊಟ್ಟೆಯನ್ನು ಮನೆಗೆ ತಂದು ಕಾವಿಗಿಡುವುದು ಅಪರಾಧ. ಗದ್ದೆಯ ಬದುವಿನಲ್ಲಿ ಅಂಥ ಮೊಟ್ಟೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ ಮುಟ್ಟದೆ ಬಿಡಬೇಕು. ಕಾರ್ನ್ ಹಾವಿನ ತವರಾದ ಜಾರ್ಜಿಯಾ ರಾಜ್ಯದ ಕಾನೂನೂ ಇದೇ ಜಾಡಿನದು: ಸ್ಥಳೀಯವಾದ ವಿಷರಹಿತ ಹಾವುಗಳನ್ನು ಸಾಕುವಂತಿಲ್ಲವೆಂದು ಅದು ಹೇಳುವುದರಿಂದ, ನೆರೆಯ ರಾಜ್ಯಗಳ ಅಂಗಡಿಗಳಲ್ಲಿ ಬಣ್ಣಬಣ್ಣದ ಮರಿಗಳಾಗಿ ಮಾರಾಟವಾಗುವ ಈ ಹಾವನ್ನು ಅಲ್ಲಿಯವರು ತಮ್ಮ ಹಿತ್ತಲಿನಲ್ಲಿ ನೋಡಬಹುದೇ ಹೊರತು ಪೆಟ್ಟಿಗೆಯಲ್ಲಿ ಇಡುವಂತಿಲ್ಲ.